ಮುನ್ಸೀಫ ಎಂದರೆ ಅರ್ಧ ಮಾಡುವವನು

ಮೂವತ್ತರ ದಶಕದಲ್ಲಿ ನಾನು ಕಾರವಾರದ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಸಂಪಾದಕರು ಎರಡು ಸಂಗತಿ ಸಹಿಸುತ್ತಿರಲಿಲ್ಲ: ಕೇಳಿದ್ದನ್ನು ಕಂಡಂತೆ ಬರೆಯುವುದು, ಮತ್ತು ಪುಟದಲ್ಲಿ ಖಾಲಿ ಜಾಗ. ಒಂದು ವಾರ ಮೂರನೆಯ ಪುಟದ ತಳದಲ್ಲಿ ಆರು ಸಾಲಿನ ಜಾಗ ಉಳಿಯಿತು. ಸರಕಾರಿ ಕಾಗದದಲ್ಲಿ ‘ಸಬ್ ಜಡ್ಜ್’ ಎಂದಾಗಿ ಎಷ್ಟೋ ಕಾಲವಾಗಿದ್ದರೂ ಜನ ಇನ್ನೂ ಮುನ್ಸೀಫ ಎಂದೇ ಅನ್ನುತ್ತಿದ್ದರು. ಆ ಶಬ್ದ ಎಲ್ಲಿಂದ ಬಂತೆಂದು ಬರೆ ಎಂದರು.

ಹಬ್ಬುವಾಡದಲ್ಲಿ ನಮ್ಮ ನೆರೆಯವರಾಗಿದ್ದ ಉರ್ದು ಮಾಸ್ತರರನ್ನು ಕೇಳಿದೆ. ಅರಬ್ಬಿಯಲ್ಲಿ ‘ನಿಸ್ಫ್’ ಅಂದರೆ ಅರ್ಧ. ಅದರಿಂದ ‘ಇನ್ಸಾಫ್’, ಎರಡೂ ಕಡೆಗೆ ಸಮ ಮಾಡುವುದು, ಅಂದರೆ ನ್ಯಾಯ. ಹಾಗೆ ಮಾಡುವವನು ಮುನ್ಸೀಫ. ನಿಘಂಟು ನೋಡಿ ಖಚಿತ ಮಾಡಿಕೊಂಡೆ. ಆದರೆ ‘ಮುನ್ಸೀಫ ಎಂದರೆ ಮೂಲದಲ್ಲಿ ಅರ್ಧ ಮಾಡುವವನು’ ಎಂಬಲ್ಲಿಗೆ ಜಾಗ ಮುಗಿಯಿತು. ಸಮ, ನ್ಯಾಯ ಇತ್ಯಾದಿ ಅಚ್ಚಿನಮನೆಯಲ್ಲೇ ಉಳಿದವು.

ಹದಿನೈದು ದಿನಕ್ಕೆ ಅಂಕೋಲೆಯ ನಮ್ಮ ಏಜೆಂಟನ ಕಾರ್ಡು ಬಂತು. ಅಲ್ಲೇ ಹತ್ತಿರದ ಕಡಲ ದಂಡೆಯ ಊರೊಂದರಲ್ಲಿ ಅವನದೊಂದು ಚಹದ ಅಂಗಡಿ. ಪತ್ರಿಕೆಯನ್ನು ಅಲ್ಲಿ ಎಲ್ಲರಿಗೂ ಕೇಳುವಂತೆ ಓದುವುದು ರೂಢಿ. ‘ನಿಮ್ಮ ಆರು ಸಾಲು ಓದಿದ ಮೇಲೆ ಇಲ್ಲಿ ಯಾರೂ ಬೇಕಾದಷ್ಟನ್ನೇ ಕೇಳುತ್ತಿಲ್ಲ, ಎರಡರಷ್ಟು ಕೇಳುತ್ತಾರೆ. ಸೋಮವಾರ ಬುದವಂತರ ಮುಂದೆ ಒಂದು ತಕರಾರಿದೆ. ಬರೆದವರು ಬಂದರೆ ಒಳ್ಳೆಯದು.’ ಮೀನುಗಾರರ ಕೇರಿಯಲ್ಲಿ ನ್ಯಾಯ ಹೇಳುವ ಹಿರಿಯರಿಗೆ ಬುದವಂತರೆಂದು ಹೆಸರು.

ಸಂಪಾದಕರು ಕಾರ್ಡನ್ನು ನನ್ನ ಮುಂದಿಟ್ಟು, “ಬರೆದವರು ಹೋಗಲಿ” ಅಂದರು. ಬಿಣಗಾ ಘಟ್ಟದಲ್ಲಿ ಎರಡು ಸಲ ನಿಂತ ಮೋಟಾರಿನಲ್ಲಿ ಹೋದೆ.

ನಾನು ಮುಟ್ಟುವಾಗ ರಂಪಣಿ ದಂಡೆಗೆ ಬಂದಿತ್ತು. ನಲವತ್ತು ಮನೆಯವರು ತಲಾ ಒಂದು ತುಂಡು ಬಲೆ ತಂದು ಜೋಡಿಸಿದ ದೊಡ್ಡ ಬಲೆ ಅದು. ಎಲ್ಲರೂ ಕೂಡಿ ಎಳೆದು, ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಒಬ್ಬ ಹೆಂಗಸಿನ ಗಂಡ ಮಳೆಗಾಲದಲ್ಲಿ ತೀರಿಕೊಂಡಿದ್ದ. ಹಗ್ಗ ಎಳೆಯಲು ಅವಳ ಕಡೆಯಿಂದ ಆಳಿಲ್ಲವೆಂದು ಮೈದುನ ಆ ಪಾಲನ್ನು ತಾನೇ ಒಯ್ಯುತ್ತಿದ್ದ. ಅದು ಸಿಕ್ಕರೆ ಅವಳು ಪೇಟೆಗೆ ಮೀನು ಹೊತ್ತು ಬದುಕಬಹುದು. ಸಿಗದಿದ್ದರೆ ಮೈದುನ ಹಾಕಿದ್ದನ್ನು ಉಣ್ಣಬೇಕು.

“ನಂಗೆ ಎರಡು ಪಾಲು ಬೇಕು,” ಅಂದಳು.

“ಎರಡು ಎಂತಕ್ಕೆ? ತುಂಡು ಒಂದೇ ಅಲ್ದಾ?” ಬುದವಂತರು ಕೇಳಿದರು.

“ಒಂದು ಕೇಳಿದ್ರೆ ನೀವು ಅರ್ಧ ಕೊಡ್ತ್ರಿ. ಪೇಪರಲ್ಲೇ ಬಂದದೆ.”

ಮೈದುನನೂ ಪತ್ರಿಕೆ ಓದಿದ ದಿನ ಚಹದ ಅಂಗಡಿಯಲ್ಲಿದ್ದವನೇ. “ಆ ಪಾಲೂ ನಂದು, ಬಲೆ ತುಂಡೂ ನಂದು, ಅತ್ತಿಗೆ ಮನೆ ಹಿಂದಿನ ತೆಂಗಿನ ಮರಾನೂ ನಂದು.”

“ತೆಂಗಿನ ಮರ ಇದರಲ್ಲಿ ಎಲ್ಲಿಂದ ಬಂತೋ ತಮಾ?”

“ಮರ ನಂಗೆ ಬೇಡ, ಬುದವಂತ್ರೆ. ಅರ್ಧ ಕಳೀಲಿಕ್ಕೆ ಏನಾದ್ರೂ ಬೇಕಲ್ಲ.”

ಬುದವಂತರು ನನ್ನ ಕಡೆ ತಿರುಗಿದರು. “ಪೇಪರಿನವ್ರೆ, ನಿಮ್ಮ ಮುನ್ಸೀಫರು ಕೋರ್ಟಲ್ಲಿ ಕತ್ತಿ ಹಿಡ್ಕಂಡೇ ಕೂತ್ಕಂತ್ರಾ?”

ಅದು ಶಬ್ದದ ಹುಟ್ಟೇ ಹೊರತು ಕೋರ್ಟಿನ ಪದ್ಧತಿಯಲ್ಲ ಎಂದು ನಿಂತುಕೊಂಡು ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಒಬ್ಬ ಮುದುಕ, “ಹೌದೌದು. ಆದ್ರೂ ಎರಡು ಕೇಳೂದೇ ಒಳ್ಳೇದು” ಅಂದ.

ಬುದವಂತರು ಎದ್ದು ಹೋಗಿ ಬಲೆಯಲ್ಲಿ ಅವಳ ತುಂಡನ್ನು ಹುಡುಕಿ ಎತ್ತಿ ಹಿಡಿದರು. “ಇದನ್ನು ನೇಯ್ದದ್ದು ಯಾರು?”

“ನೂಲು ಅವ್ರು ತಂದ್ರು. ನೇಯ್ದದ್ದು ನಾನು.”

“ಗಂಡ ಸತ್ತಾನೆ, ಬಲೆ ಸತ್ತಿಲ್ಲ,” ಅಂದರು. “ಒಂದು ಪಾಲು ಅವಳದು. ಹರಿದದ್ದನ್ನು ಅವಳೇ ಕಟ್ಟಲಿ, ಹಗ್ಗಕ್ಕೆ ನಾವೆಲ್ಲ ಇದ್ದೇವೆ. ತೆಂಗಿನ ಮರದ ಸುದ್ದಿ ಎತ್ತಿದವನಿಗೆ ಇವತ್ತು ಪಾಲು ಕಟ್ಟಕಡೆಗೆ.”

ಬಂಗಡೆಯನ್ನು ನಲವತ್ತು ಗುಪ್ಪೆ ಮಾಡಿದರು. ಯಾರಿಗೂ ಪಕ್ಷಪಾತ ಆಗಬಾರದೆಂದು ಒಬ್ಬನು ಗುಪ್ಪೆಗಳಿಗೆ ಬೆನ್ನು ಹಾಕಿ ನಿಂತು ಹೆಸರು ಕರೆಯುವುದು ಅಲ್ಲಿಯ ಪದ್ಧತಿ. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಕಡಲಿಗೆ ಮುಖ ಮಾಡಿ ನಿಲ್ಲಿಸಿದರು. “ಇವರಿಗೆ ಯಾರ ಗುರುತೂ ಇಲ್ಲ, ಮೀನಿನ ಗುರುತೂ ಇಲ್ಲ,” ಎಂದು ಬುದವಂತರು ಜನರಿಗೆ ಭರವಸೆ ಕೊಟ್ಟರು.

“ಇದು ಯಾರಿಗೆ?” ಎಂದು ಹಿಂದಿನಿಂದ ಕೇಳುವರು, ನಾನು ಒಂದು ಹೆಸರು ಓದುವೆ. ಪಟ್ಟಿ ಮಳೆಗಾಲಕ್ಕೆ ಮುಂಚಿನದು. ಹದಿನೇಳನೆಯ ಹೆಸರು ಓದಿದಾಗ ಯಾರೂ ಓಗೊಡಲಿಲ್ಲ. ತೀರಿಕೊಂಡವನ ಹೆಸರೆಂದು ನನಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಓದಿದೆ.

“ಅದು ನಂದು,” ಎಂದು ಅವಳ ದನಿ ಬಂತು.

ಮುಂದಿನ ಕರೆ ತಡವಾಯಿತೆಂದು ತಿರುಗಿ ನೋಡಿದಾಗ ಅವಳು ಬುಟ್ಟಿ ತುಂಬಿ ಮುಗಿಸಿ ತಲೆಯ ಮೇಲೆ ಸಿಂಬೆ ಇಟ್ಟುಕೊಂಡಿದ್ದಳು. ತುಂಬಿದ ಬುಟ್ಟಿ ಒಬ್ಬರಿಗೆ ಎತ್ತಲಾಗುವುದಿಲ್ಲ. ಹತ್ತಿರದಲ್ಲಿ ಕೈ ಖಾಲಿ ಇದ್ದವನು, ಪಾಲು ಕಡೆಗೆಂದು ಕಾಯುತ್ತಿದ್ದ ಮೈದುನ ಒಬ್ಬನೇ.

“ಎಂತ ನೋಡೂದು? ಹಿಡಿಯೋ ತಮಾ, ಪೇಟೆಗೆ ತಡ ಆಗ್ತದೆ,” ಅಂದಳು ಅವನಿಗೆ.

ಅವನು ಹಿಡಿದು ತಲೆಗೇರಿಸಿದ. ಅವಳು ಹಿಂದೆ ನೋಡದೆ ಅಂಕೋಲೆಯ ದಾರಿ ಹಿಡಿದಳು. ನನ್ನ ಪಟ್ಟಿಯಲ್ಲಿ ಇನ್ನೂ ಇಪ್ಪತ್ತಮೂರು ಹೆಸರು ಉಳಿದಿದ್ದವು.