ಹೆಚ್ಚಿಗೆ ಕೊಟ್ಟ ಒಂದು ಕಾಗದ

ನಮ್ಮಕ್ಕ ತವರಿಗೆ ಬಂದಿದ್ದಾಳೆಂದು ನಾನು ಪೊಲೀಸರಿಗೆ ತಿಳಿಸಬೇಕಾಗಿತ್ತು. ಹೊರದೇಶದ ಪಾಸ್‌ಪೋರ್ಟ್ ಇರುವವರನ್ನು ಮನೆಯಲ್ಲಿ ಇಳಿಸಿಕೊಂಡವರು ಇಪ್ಪತ್ನಾಲ್ಕು ತಾಸಿನೊಳಗೆ ಒಂದು ನಮೂನೆ ತುಂಬಿ ಕಳಿಸಬೇಕೆಂಬುದು ಕಾಯ್ದೆ. ವಿದೇಶಿ ಪ್ರಜೆಗೂ ನನಗೂ ಏನು ಸಂಬಂಧವೆಂದು ಕೇಳಿದ ಕಡೆ ‘ತಮ್ಮ’ ಎಂದು ತುಂಬುವಾಗ ನನಗೆ ನಗು ಬಂತು. ಹಾಸಿಗೆ ಹಿಡಿದಿದ್ದ ಅವ್ವ ಮಾತ್ರ ನಗಲಿಲ್ಲ. ಮಗಳು ಮನೆಗೆ ಬಂದರೆ ಫೌಜದಾರನಿಗೆ ಯಾಕೆ ಹೇಳಬೇಕು ಎಂದು ಎರಡು ಸಲ ಕೇಳಿದಳು. ‘ಸುಮ್ಮನಿರು, ನಿನಗ ತಿಳಿಯೂದಿಲ್ಲ’ ಎಂದು ಗದರಿದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನರ್ಸ್ ತರಬೇತಿ ಮುಗಿಸಿ, ಮದುವೆಯಾಗಿ, ಗಂಡನ ಜೊತೆ ಇಂಗ್ಲೆಂಡಿಗೆ ಹೋದವಳು ಅಲ್ಲೇ ದುಡಿದು ಅಲ್ಲೇ ನಿವೃತ್ತಳಾದಳು. ನಡುವೆ ಯಾವಾಗಲೋ ಅಲ್ಲಿಯ ಪೌರತ್ವ ತೆಗೆದುಕೊಂಡಳು, ಅಲ್ಲಿಗೆ ಇಲ್ಲಿಯದು ಹೋಯಿತು. ಮಕ್ಕಳಿಲ್ಲ. ಭಾವ ತೀರಿಕೊಂಡು ಮೂರು ವರ್ಷವಾಗಿತ್ತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಕೇಳಿದ್ದೇ ತಡ, ಆರು ತಿಂಗಳ ವೀಸಾ ಮಾಡಿಸಿಕೊಂಡು ವಿಜಯಪುರದ ನಮ್ಮ ಮನೆಗೆ ಬಂದಿಳಿದಳು. ಬಂದ ದಿನವೇ ಚೀಲ ಬಿಚ್ಚುವ ಮೊದಲು ನನಗೆ ಹೇಳಿದಳು:

“ಪರದೇಶದ ಮುದುಕ್ಯಾರ ಕೈ ಹಿಡಕೊಂಡು ಕಡೀತನಕ ಕುಂತೇನಿ ತಮ್ಮಾ. ನಮ್ಮವ್ವಗ ನಾ ಇರಬ್ಯಾಡೇನು?”

ಅವಳಿಗೆ ಬೇಕಾಗಿದ್ದು ಇಷ್ಟೇ. ಆದರೆ ಆರು ತಿಂಗಳು ಮೀರಿ ನಿಶ್ಚಿಂತೆಯಿಂದ ಇರಬೇಕಾದರೆ ಓಸಿಐ ಕಾರ್ಡು ಬೇಕು. ಭಾರತ ಬಿಟ್ಟು ಬೇರೆ ದೇಶದವರಾದ ನಮ್ಮವರಿಗೆ ಕೊಡುವ ಜೀವನಪೂರ್ತಿ ವೀಸಾ ಅದು. ಬ್ಯಾಂಕಿನಲ್ಲೂ ಅದೇ ಮಾತು. ಅಕ್ಕ ಹುಡುಗಿಯಾಗಿದ್ದಾಗ ತೆರೆದ ಉಳಿತಾಯ ಖಾತೆ ಹೊರದೇಶದವಳಿಗೆ ನಡೆಯುವುದಿಲ್ಲ, ಬೇರೆ ನಮೂನೆಯ ಖಾತೆ ಆಗಬೇಕು, ಕಾರ್ಡು ತಂದರೆ ಅವಳ ಪೆನ್ಶನ್ ಇಲ್ಲಿಗೇ ತರಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದರು. ಹೀಗೆ ಎಲ್ಲವೂ ಆ ಕಾರ್ಡಿನ ಮೇಲೆ ಬಂದು ನಿಂತಿತು.

ನಾನು ಚಿಂತಿಸಲಿಲ್ಲ. ಕಾಗದಪತ್ರದ ವಿಷಯದಲ್ಲಿ ನನಗೆ ಸೊಕ್ಕಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ದಿನಾ ಸಾರವಾಡದ ಮೇಲೆ ಹಾಯುವ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ, ಅಲ್ಲಿಯ ಹೈಸ್ಕೂಲಿನಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಸುತ್ತಿನ ಹಳ್ಳಿಗಳ ನಿಡೋಣಿಯವರು, ಅರಕೇರಿಯವರು ಜಾತಿ ಪ್ರಮಾಣಪತ್ರಕ್ಕೋ ಪೆನ್ಶನ್ನಿಗೋ ಅರ್ಜಿ ಬರೆಸಿಕೊಳ್ಳಲು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ನಿವೃತ್ತನಾದ ಮೇಲೂ ಮನೆ ಹುಡುಕಿಕೊಂಡು ಬರುತ್ತಿದ್ದರು. ಎಲ್ಲರಿಗೂ ನಾನು ಹೇಳುತ್ತಿದ್ದುದು ಒಂದೇ: ಅವರು ಎರಡು ಕಾಗದ ಕೇಳಿದರೆ ನೀವು ಮೂರು ಕೊಡಿ, ಇನ್ನೊಮ್ಮೆ ಅಲೆಯುವುದು ತಪ್ಪುತ್ತದೆ. ಈ ಬುದ್ಧಿವಾದಕ್ಕೆ ಎಷ್ಟು ಜನ ಕೈ ಮುಗಿದು ಹೋಗಿದ್ದಾರೋ ಲೆಕ್ಕವಿಲ್ಲ.

ಅಕ್ಕನ ಕಡತವನ್ನೂ ಹಾಗೆಯೇ ಜೋಡಿಸಿದೆ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿದ ಪತ್ರ, ನಮ್ಮ ಹುಟ್ಟೂರು ತಿಕೋಟಾದ ಕನ್ನಡ ಶಾಲೆಯಿಂದ ತಂದ ದಾಖಲೆ, ಮದುವೆಯ ಪತ್ರ, ಅಪ್ಪನ ಸೇವಾ ಪುಸ್ತಕದ ಪುಟ. ಕೇಳಿದ್ದೆಲ್ಲ ಇತ್ತು. ಆಮೇಲೆ ನನ್ನ ರೂಢಿಯಂತೆ, ಇರಲಿ ಇನ್ನೊಂದು ಎಂದು, ತಿಕೋಟಾದ ಮತದಾರರ ಪಟ್ಟಿಯ ಒಂದು ಪುಟವನ್ನೂ ಸೇರಿಸಿದೆ. ಅದರಲ್ಲಿ ಅವ್ವನ ಹೆಸರಿನ ಕೆಳಗೇ ಅಕ್ಕನ ಹೆಸರಿತ್ತು. ಇವಳು ಇದೇ ಮಣ್ಣಿನವಳು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಹೆಮ್ಮೆಯಿಂದ ಅಕ್ಕನ ಸಹಿ ಹಾಕಿಸಿ ಕೊಟ್ಟೆ.

ಆ ಹೆಸರು ಅಲ್ಲಿ ಉಳಿದದ್ದು ಅವ್ವನಿಂದ. ಬೀಳುವತನಕ ಅವ್ವ ತಿಕೋಟಾದ ಹಳೆಯ ಮನೆಯಲ್ಲೇ ಇದ್ದಳು, ರಜೆಗೆ ನಾನೂ ಹೋಗುತ್ತಿದ್ದೆ. ಪಟ್ಟಿ ತಿದ್ದಲು ಶಾಲೆಯ ಮಾಸ್ತರರು ಮನೆಮನೆಗೆ ಬಂದಾಗಲೆಲ್ಲ ಅಕ್ಕ ಎಲ್ಲಿದ್ದಾಳೆ, ಹೆಸರು ತೆಗೆಯಲೇ ಎಂದು ಕೇಳುತ್ತಿದ್ದರು. ಹೆಸರು ಹೊಡೆಯುವುದು ಸತ್ತವರದು, ಬದುಕಿರುವ ಮಗಳ ಹೆಸರಿನ ಮೇಲೆ ಗೀಟು ಎಳೆಸಲಾರೆ ಎಂದು ಅವ್ವ ಹಟ ಹಿಡಿಯುತ್ತಿದ್ದಳು. ಹೋದವರು ಬಂದೇ ಬರುತ್ತಾರೆ, ಹೆಸರಿದ್ದರೆ ದಾರಿ ಇರುತ್ತದೆ ಎಂಬ ನಂಬಿಕೆ ಅವಳದು. ಮಾಸ್ತರರು ನನ್ನ ಮುಖ ನೋಡುತ್ತಿದ್ದರು. ಕಾಯ್ದೆ ಗೊತ್ತಿದ್ದ ನಾನು ‘ಇರಲಿ ಬಿಡ್ರಿ’ ಎನ್ನುತ್ತಿದ್ದೆ. ಮುದುಕಿಯ ಮನಸ್ಸು ನೋಯಿಸುವುದೇಕೆ ಎಂದುಕೊಂಡಿದ್ದೆ.

ಕಾರ್ಡಿನ ಅರ್ಜಿಯ ವಿಚಾರಣೆಗೆ ಬಂದ ಪೊಲೀಸಪ್ಪ ಸಭ್ಯ ಮನುಷ್ಯ. ಚಹಾ ಕುಡಿದ, ಅವ್ವನ ಕಾಲು ಮುಟ್ಟಿ ನಮಸ್ಕರಿಸಿದ, ಕಡತ ತಿರುವುತ್ತ ಹೋಗಿ ಆ ಪುಟದಲ್ಲಿ ನಿಂತ. ಇವರು ಎಂದಾದರೂ ಮತ ಹಾಕಿದ್ದಾರೆಯೇ ಎಂದು ಕೇಳಿದ. ಒಮ್ಮೆಯೂ ಇಲ್ಲ ಎಂದೆ. ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ಬೇರೆ ದೇಶದ ಪ್ರಜೆಯ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿರುವುದು ತಪ್ಪು, ಅದು ಹೇಗೆ ಉಳಿಯಿತೆಂದು ವರದಿಯಲ್ಲಿ ಬರೆಯದೆ ಗತ್ಯಂತರವಿಲ್ಲ ಎಂದ. ಚಪ್ಪಲಿ ಮೆಟ್ಟುವಾಗ ತಗ್ಗಿದ ದನಿಯಲ್ಲಿ ಅಂದ:

“ನೀವ ಕೊಡದಿದ್ರ ಇದನ್ನ ಯಾರೂ ಕೇಳ್ತಿರಲಿಲ್ರಿ ಸರ್.”

ಅಲ್ಲಿಂದ ಮುಂದೆ ನಾನು ಓಡಾಡಿದ್ದು ಓಡಾಡಿದ್ದೇ. ಹೆಸರು ತೆಗೆಸುವ ಅರ್ಜಿಗೆ ತಿಕೋಟಾಕ್ಕೆ ನಾಲ್ಕು ಸಲ ಹೋದೆ. ವಕೀಲರಿಂದ ಅಫಿಡವಿಟ್ ಬರೆಸಿದೆ. ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಯಿಂದ ಬಂದ ನೋಟೀಸಿಗೆ ಮೂರು ಪುಟದ ಉತ್ತರ ಕೊಟ್ಟೆ. ಅವ್ವನ ಹಟದ ಮಾತನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ‘ಕುಟುಂಬದವರ ಅಜಾಗರೂಕತೆ’ ಎಂದು ಬರೆದೆ. ವೀಸಾ ಮುಂದುವರಿಸಲು ಹಾಕಿದ ಅರ್ಜಿಗೆ, ವಿಚಾರಣೆ ಬಾಕಿ ಇರುವುದರಿಂದ ಸದ್ಯಕ್ಕೆ ಆಗದು ಎಂಬ ಉತ್ತರ ಬಂತು. ಆಗ ಇನ್ನು ಹನ್ನೊಂದು ದಿನ ಉಳಿದಿದ್ದವು.

ಅಕ್ಕ ಹೋಗುವುದಿಲ್ಲವೆಂದಳು. ಅವಧಿ ಮೀರಿದರೆ ದಂಡ ಹಾಕಲಿ, ಜೈಲಿಗೆ ಬೇಕಾದರೂ ಹಾಕಲಿ, ತಾನು ಕದಲುವವಳಲ್ಲ ಎಂದಳು. ಅವಳನ್ನು ಹೊರಡಿಸಿದವನು ನಾನೇ. ಅವಧಿ ಮೀರಿ ಕೂತರೆ ಕಾರ್ಡು ಕೈ ತಪ್ಪುತ್ತದೆ, ಮತ್ತೆ ಬರುವುದಕ್ಕೇ ಬಿಡಲಿಕ್ಕಿಲ್ಲ, ಈಗ ಹೋಗಿ ಅಲ್ಲಿಂದ ಹೊಸ ವೀಸಾ ಮಾಡಿಸಿಕೊಂಡು ಬಾ, ಅವ್ವ ಇನ್ನೂ ವರ್ಷಗಟ್ಟಲೆ ಇರುತ್ತಾಳೆ ಎಂದೆಲ್ಲ ಕೂರಿಸಿಕೊಂಡು ಹೇಳಿದೆ. ಕಾಗದದ ಮೇಲೆ ಅದು ಸರಿಯಾದ ಸಲಹೆಯೇ. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ದಿನ ಅವ್ವನ ಮೈ ಒರೆಸಿ, ತಲೆ ಬಾಚಿ, ಬೆನ್ನಿನ ಹುಣ್ಣಿಗೆ ಪುಡಿ ಹಾಕಿದಳು. ಒಂದು ಕಾಗದ ತರಲು ಹೊರಟಿದ್ದೇನೆ ಎಂದು ಹೇಳಿದಳು. ಅವ್ವ ಅವಳ ಮಣಿಕಟ್ಟು ಹಿಡಿದುಕೊಂಡು, ಕಾಗದ ತರುವುದಕ್ಕೆ ತಮ್ಮ ಇದ್ದಾನಲ್ಲ, ಅವನನ್ನು ಕಳಿಸು ಎಂದಳು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಹೊಸ ವೀಸಾದ ಅರ್ಜಿಯಲ್ಲೂ ಅದೇ ವಿಚಾರಣೆಯ ಪ್ರಶ್ನೆ ಎದ್ದಿತು. ಅಕ್ಕ ಹೋದ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅವ್ವನ ಉಸಿರು ಎಳೆಯತೊಡಗಿತು. ಡಾಕ್ಟರು ಬಂದು ನೋಡಿ, ಕರೆಯುವವರನ್ನು ಕರೆಯಿರಿ ಎಂದು ಹೋದರು. ಫೋನಿನಲ್ಲಿ ಅಕ್ಕನ ಮುಖ ಬಂತು. ಹಿಂದೆ ಅವಳ ಅಡುಗೆಮನೆ ಕಾಣುತ್ತಿತ್ತು. ನನ್ನ ಹೆಂಡತಿ ಫೋನನ್ನು ಅವ್ವನ ಕಿವಿಯ ಹತ್ತಿರ ಹಿಡಿದಳು. ಅಕ್ಕ ‘ಅವ್ವಾ’ ಎಂದು ಕರೆಯುತ್ತಲೇ ಇದ್ದಳು. ಅವ್ವ ಕಣ್ಣು ತೆರೆಯಲಿಲ್ಲ. ನೀರು ಬಿಡುತ್ತಿದ್ದೇನೆಂದು ಅಕ್ಕನಿಗೆ ಹೇಳಿ, ನಾನು ಚಮಚದಿಂದ ಬಾಯಿಗೆ ನೀರು ಬಿಟ್ಟೆ. ಗಂಟಲು ಒಮ್ಮೆ ಅಲುಗಿತು.

“ನನ್ನ ಪಾಲಿಂದೂ ಹಾಕೋ ತಮ್ಮಾ,” ಎಂದಳು ಅಕ್ಕ.

ಇನ್ನೊಂದು ಚಮಚ ಬಿಟ್ಟೆ. ಆ ನೀರು ಬಾಯಿಯ ತುದಿಯಿಂದ ಹೊರಗೆ ಹರಿದು ಕುತ್ತಿಗೆಗೆ ಇಳಿಯಿತು. ಫೋನು ಅವ್ವನ ಕಿವಿಯ ಕಡೆಗಿತ್ತು, ಅಕ್ಕನಿಗೆ ಕಾಣಲಿಲ್ಲ. ಅವ್ವನ ಸೆರಗಿನಿಂದಲೇ ಒರೆಸಿದೆ.

ಕಾರ್ಡು ಬಂದದ್ದು ಅವ್ವ ತೀರಿಕೊಂಡು ಐದು ತಿಂಗಳ ಮೇಲೆ. ಯಾವ ತಕರಾರೂ ಇರಲಿಲ್ಲ. ಅಕ್ಕ ಬಂದಳು. ಈ ಸಲ ಎಷ್ಟು ವರ್ಷ ಬೇಕಾದರೂ ಇರಬಹುದಾಗಿತ್ತು. ಒಂಬತ್ತು ದಿನ ಇದ್ದಳು. ಬ್ಯಾಂಕಿನ ಕಡೆಗೆ ಹೋಗೋಣವೇ ಎಂದು ಕೇಳಿದೆ, ಬೇಡವೆಂದಳು. ಹೊರಡುವ ಬೆಳಗ್ಗೆ ಟ್ಯಾಕ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಾಗ ನನ್ನ ಕಡೆ ನೋಡದೆಯೇ ಕೇಳಿದಳು:

“ನನ್ನ ಪಾಲಿನ ನೀರು ಕುಡದಳೇನೋ?”

“ಹೂಂ ಅಕ್ಕಾ. ನಿಂದೂ ಕುಡದಳು,” ಎಂದೆ.

ಮೂವತ್ತೈದು ವರ್ಷ ಸಾಯುವವರ ಮಗ್ಗುಲಲ್ಲಿ ಕೂತವಳು ಅವಳು. ಆ ಹೊತ್ತಿನಲ್ಲಿ ಯಾರು ಎಷ್ಟು ನುಂಗಬಲ್ಲರು ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ನನ್ನ ಬೆನ್ನ ಮೇಲೆ ಕೈ ಇಟ್ಟು, “ಚಲೋ ಆತು ಬಿಡು,” ಎಂದಳು.