ಪೆಪ್ಪರಮೆಂಟ್ ಬರಣಿಯ ಸಾಕ್ಷಿ

ಸಿಂಧನೂರಿನ ಸಣ್ಣಕೆರೆಗೆ ಒಬ್ಬ ದಂಡನಾಯಕಿಯಿದ್ದಳು. ಎತ್ತರ ನಾಲ್ಕೂವರೆ ಅಡಿ, ಆಯುಧ ಒಂದು ಬೀಸುಬಲೆ, ಕಿರೀಟ ತಲೆಯ ಮೇಲಿನ ಬಿದಿರುಬುಟ್ಟಿ, ಹೆಸರು ಗದ್ದೆಮ್ಮ. ಕೆರೆಯೂ ಅವಳ ಅಳತೆಗೆ ತಕ್ಕದ್ದೇ. ನಟ್ಟನಡುವೆ ನಿಂತರೂ ನೀರು ಅವಳ ಎದೆ ದಾಟುತ್ತಿರಲಿಲ್ಲ. ಅವಳು ತುರ್ವಿಹಾಳದಿಂದ ಲಗ್ನವಾಗಿ ಬಂದ ಹೊಸತರಲ್ಲೇ ಕಾಲುವೆಗೆ ನೀರು ಬಂದಿತ್ತು. ಕಾಲುವೆಯ ಬಸಿನೀರು ಕೆರೆ ತುಂಬಿತು, ಕೆರೆಯ ಗೆಂಡೆಮೀನು ಬುಟ್ಟಿ ತುಂಬಿತು. ಗಂಡ ಅಂಬಪ್ಪ ತೀರಿಕೊಂಡ ಮೇಲೂ ಆ ಬುಟ್ಟಿ ಅವಳನ್ನು ಯಾರ ಮುಂದೆಯೂ ಕೈಚಾಚಲು ಬಿಟ್ಟಿರಲಿಲ್ಲ.

ವೈರಿ ದಂಡೆತ್ತಿ ಬಂದದ್ದು ೧೯೭೧ರಲ್ಲಿ. ಬಸ್ಸಪ್ಪ ಸಾವ್ಕಾರ ಕೆರೆಯ ದಂಡೆಗೇ ಅಕ್ಕಿ ಗಿರಣಿ ಹಾಕಿದ. ಭತ್ತ ನೆನೆಸಿ ಬೇಯಿಸಿದ ಹುಳಿನೀರು ಮೋರಿ ಹಿಡಿದು ನೇರ ಕೆರೆಗೆ ಇಳಿಯಿತು. ಎರಡು ತಿಂಗಳಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಒಂದು ಬೆಳಗ್ಗೆ ಕೆರೆಯ ತುಂಬ ಪಚ್ ಪಚ್ ಸದ್ದು: ಗೆಂಡೆಗಳೆಲ್ಲ ನೀರಿನ ಮೇಲೆ ಬಾಯಿಟ್ಟು ಒದ್ದಾಡುತ್ತಿದ್ದವು. ಬಲೆ ಬೀಸುವ ಮೊದಲೇ, ಬರೀ ಸದ್ದಿನಿಂದ, ಗದ್ದೆಮ್ಮನಿಗೆ ತಿಳಿಯಿತು. ನೀರಿನೊಳಗೆ ಉಸಿರು ಮುಗಿದಿತ್ತು.

ಅವಳು ನೆಟ್ಟಗೆ ಗಿರಣಿಗೆ ಹೋದಳು.

"ನಿನ್ನ ನಾಕು ಮೀನಿನ ಸಲುವಾಗಿ ಗಿರಣಿ ಬಂದ್ ಮಾಡ್ಲೇನು?" ಎಂದ ಸಾವ್ಕಾರ.

"ಗಿರಣಿ ಯಾಕ್ರೀ, ಮೋರಿ ಬಂದ್ ಮಾಡ್ರಿ. ನಿಮ್ಮ ಹೊಲದಾಗ ಗುಂಡಿ ತೋಡಿ ಅಲ್ಲಿ ಬಿಡ್ರಿ."

"ಹೊಲ ಕೆಡತೈತಲ್ಲಬೇ!"

"ಹೌದ್ರೀ? ಹಂಗಾರ ಕೆಡತೈತಿ ಅಂಬೂದು ನಿಮಗೂ ಗೊತ್ತೈತಿ."

ಮರುದಿನ ಗದ್ದೆಮ್ಮ ಸತ್ತ ಮೂರು ಗೆಂಡೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ತಾಲೂಕು ಕಚೇರಿಯ ಮೇಜಿನ ಮೇಲೆ, ತಿರುಗುವ ಪಂಖದ ಕೆಳಗೇ ಬಿಚ್ಚಿಟ್ಟಳು. ಆ ಅರ್ಜಿಯನ್ನು ಯಾರೂ ಓದಬೇಕಾಗಲಿಲ್ಲ. ಅದೇ ಎಲ್ಲರ ಮೂಗಿನ ಹತ್ತಿರ ಹೋಯಿತು. ಬರುವ ಸೋಮವಾರ ರಾಯಚೂರಿನಿಂದ ಸಾಹೇಬರು ಬಂದು ನೀರು ನೋಡುತ್ತಾರೆ ಎಂದು ಆಗಲೇ ತೀರ್ಮಾನವಾಯಿತು. ನೀರು ಚೆನ್ನಾಗಿದೆ ಎಂದು ಅವರು ಬರೆದರೆ ಮೋರಿ ಕಾಯಂ. ಕೆಟ್ಟಿದೆ ಎಂದು ಬರೆದರೆ ಕೆರೆ ಉಳಿಯಿತು, ಬುಟ್ಟಿ ಉಳಿಯಿತು.

ಸೋಮವಾರ ಸಾವ್ಕಾರ ಕೆರೆಯ ದಂಡೆಯಲ್ಲಿ ಶಾಮಿಯಾನ ಹಾಕಿಸಿದ್ದ. ಒಳಗೆ ಮೇಜು, ಮೇಜಿನ ಮೇಲೆ ಅಂಗಡಿಯ ದೊಡ್ಡ ಪೆಪ್ಪರಮೆಂಟ್ ಬರಣಿ, ಅದರ ಕೊರಳಿಗೆ ಚೆಂಡುಹೂವಿನ ಹಾರ. ಬರಣಿಯೊಳಗೆ ಅದೇ ಕೆರೆಯ ನೀರು, ನೀರಿನಲ್ಲಿ ಗೇಣುದ್ದದ ಒಂದು ಕರೀ ಮೀನು, ಮಾವನ ಮನೆಗೆ ಬಂದ ಅಳಿಯನಂತೆ ಹಾಯಾಗಿತ್ತು.

"ಮೂರು ದಿವಸಾತ್ರೀ ಸಾಹೇಬ್ರ, ಇದೇ ನೀರಾಗ ಐತಿ. ಸತ್ತೈತೇನ್ರೀ?" ಎಂದ ಸಾವ್ಕಾರ.

ಸಾಹೇಬರು ಮೀನನ್ನು ನೋಡಿದರು. ಮೀನು ಸಾಹೇಬರನ್ನು ನೋಡಿತು. ಸಾಹೇಬರು ಪೆನ್ನಿನ ಟೊಪ್ಪಿಗೆ ಬಿಚ್ಚಿದರು.

ಬಳೆ ಮಾರುವ ಹುಸೇನ್‌ಬೀ ಗದ್ದೆಮ್ಮನ ಪಕ್ಕದಲ್ಲೇ ನಿಂತಿದ್ದಳು. "ಗದ್ದೆಮ್ಮಕ್ಕ, ಪೆನ್ನು ತಗದಾನ. ಮುಗೀತು ನಮ್ಮ ಕಥಿ!"

ಗದ್ದೆಮ್ಮ ಮಾತ್ರ ಬುಟ್ಟಿ ಕುಣಿಯುವಂತೆ ನಕ್ಕಳು. "ಸಾಹೇಬ್ರ, ಬರಿಯೂದಕ್ಕಿಂತ ಮೊದಲ ಒಂದ ಗಳಿಗಿ ಇದರ ಬಾಯಿ ನೋಡ್ರಿ."

ಎಲ್ಲರೂ ನೋಡಿದರು. ಮೀನು ಮೇಲೆ ಬಂತು, ಗುಳುಕ್ಕನೆ ಗಾಳಿ ನುಂಗಿತು, ಕೆಳಗಿಳಿಯಿತು.

"ಕಂಡ್ರ್ಯಾ? ಇದು ಕೊರಮೀನು. ಗಾಳಿ ನುಂಗಿ ಬದುಕೂ ಜಾತಿ. ಎಮ್ಮಿ ಹೆಜ್ಜಿಯಾಗ ನಿಂತ ರಾಡಿಯೊಳಗೂ ಸಂಸಾರ ಮಾಡತೈತಿ. ಇದನ್ನ ನೋಡಿ ಸಾವ್ಕಾರ್ರ ಶಾಮಿಯಾನದ ಗಾಳಿ ಛಲೋ ಐತಿ ಅಂತ ಬರಕೋರಿ. ನೀರಿನ ಸಂಗತಿ ಗೆಂಡಿನ್ನ ಕೇಳ್ರಿ."

ಅವಳು ಸೊಂಟದ ಮೇಲೆ ಹೊತ್ತು ತಂದಿದ್ದ ಕೊಡ ಇಳಿಸಿದಳು. ಕಾಲುವೆಯ ತಿಳಿನೀರಿನಲ್ಲಿ ಆರು ಗೆಂಡೆಗಳು ಬೆಳ್ಳಿಯ ಹಾಗೆ ಮಿಂಚುತ್ತಿದ್ದವು.

"ಈಕಿ ನೀರಿಗೆ ಏನಾರ ಬೆರಸತಾಳ್ರೀ!" ಎಂದು ಸಾವ್ಕಾರ ಕೂಗಿದ.

"ಅದಕ್ಕ ಕೆರಿ ನೀರು ನೀವ ತರ್ರಿ. ನನ್ನ ಕೈ ತಾಗೂದು ಬ್ಯಾಡ."

"ನಡೀರಿ, ನೀವೇ ತನ್ನಿ," ಎಂದರು ಸಾಹೇಬರು.

ಹೀಗೆ ಬಸ್ಸಪ್ಪ ಸಾವ್ಕಾರ ಇಸ್ತ್ರಿ ಮಾಡಿದ ಧೋತರ ಮೊಣಕಾಲ ಮೇಲೆತ್ತಿ, ತನ್ನದೇ ಗಿರಣಿಯ ಕೊಳೆಯೊಳಗೆ ಇಳಿದ. ಎರಡನೆಯ ಹೆಜ್ಜೆಗೆ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ನಾಲ್ಕನೆಯದಕ್ಕೆ ಧೋತರ ಕೈಜಾರಿತು. "ಇನ್ನೂ ಸ್ವಲ್ಪ ಒಳಗ ಹೋಗ್ರೀ ಸಾವ್ಕಾರ್ರ, ಅಲ್ಲಿ ಘಮಾ ಭಾಳ ಐತಿ!" ಎಂದು ಹುಸೇನ್‌ಬೀ ದಂಡೆಯಿಂದ ಹುರಿದುಂಬಿಸಿದಳು. ಸಾವ್ಕಾರ ಬಕೆಟ್ ಹಿಡಿದು ಮೇಲೆ ಬಂದಾಗ ಸಾಹೇಬರು ಕುರ್ಚಿಯನ್ನು ಎರಡು ಮೊಳ ಹಿಂದಕ್ಕೆ ಸರಿಸಿಕೊಂಡರು.

ಗದ್ದೆಮ್ಮ ಒಂದು ಗೆಂಡೆಯನ್ನು ಆ ಬಕೆಟ್ಟಿಗೆ ಬಿಟ್ಟಳು, ಉಳಿದ ಐದನ್ನು ಕೊಡದಲ್ಲೇ ಉಳಿಸಿದಳು. ಸಾಹೇಬರಿಗೆ ಚಹಾ ಬಂತು. ಅರ್ಧ ಕಪ್ಪು ಮುಗಿಯುವಷ್ಟರಲ್ಲಿ ಬಕೆಟ್ಟಿನ ಗೆಂಡೆ ಮೇಲೆ ಬಂದು ಪಚ್ ಪಚ್ ಎನ್ನತೊಡಗಿತು. ಕಪ್ಪು ಬರಿದಾಗುವಾಗ ಮಗ್ಗುಲಿಗೆ ವಾಲಿತು. ಕೊಡದಲ್ಲಿದ್ದ ಐದು ಇನ್ನೂ ಆಡುತ್ತಲೇ ಇದ್ದವು.

ಗದ್ದೆಮ್ಮ ತಟ್ಟನೆ ಕೈಹಾಕಿ ಅದನ್ನು ಎತ್ತಿ ಕೊಡಕ್ಕೆ ಬಿಟ್ಟಳು. "ಖರೇ ಹೇಳಿದ್ದಕ್ಕ ಸಾಯಬೇಕೇನು ಇದು?" ಗೆಂಡೆ ಸ್ವಲ್ಪ ಹೊತ್ತು ಓಲಾಡಿ, ಬಾಲ ಬಡಿದು ನೆಟ್ಟಗಾಯಿತು.

ಸಾಹೇಬರು ನಾಲ್ಕೇ ಸಾಲು ಬರೆದು ಗಟ್ಟಿಯಾಗಿ ಓದಿದರು: ನೀರು ಕೆಟ್ಟಿದೆ; ಎಂಟು ದಿನದೊಳಗೆ ಮೋರಿ ಮುಚ್ಚಿ, ಗಿರಣಿಯ ನೀರನ್ನು ಗಿರಣಿಯ ಹೊಲದ ಗುಂಡಿಗೇ ಬಿಡತಕ್ಕದ್ದು. ಎಂಟು ದಿನ ಎಂದರೆ ಎಂಟೇ ದಿನ ಎಂಬುದನ್ನು ನೋಡಿಕೊಳ್ಳಲು ದಂಡನಾಯಕಿ ದಿನಾ ಬೆಳಗ್ಗೆ ಮೋರಿಯ ಬಾಯಿಗೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ಏಳನೆಯ ದಿನ ಮೋರಿಗೆ ಕಲ್ಲುಮಣ್ಣು ಬಿತ್ತು.

ಅದಕ್ಕೂ ಮೊದಲು, ಆ ಸೋಮವಾರವೇ ಶಾಮಿಯಾನ ಬಿಚ್ಚುವಾಗ ಸಾವ್ಕಾರ ಬರಣಿ ಎತ್ತಲು ಬಂದಿದ್ದ. ಗದ್ದೆಮ್ಮ ಅಡ್ಡ ಬಂದಳು.

"ಬರಣಿ ನಿಮ್ಮದು, ಒಯ್ರಿ. ಮೀನು ನನ್ನ ಕೆರೀದು."

ಕೊರಮೀನನ್ನು ಮನೆಗೆ ಒಯ್ದು, ಕೆಸರಿನ ವಾಸನೆ ಬಿಡಲೆಂದು ಎರಡು ದಿನ ಕಾಲುವೆ ನೀರಿನಲ್ಲಿಟ್ಟಳು. ಮೂರನೆಯ ದಿನ ಹುಸೇನ್‌ಬೀಯನ್ನು ಊಟಕ್ಕೆ ಕರೆದಳು. ಅಂದು ಸಾವ್ಕಾರನ ಕಡೆಯ ಸಾಕ್ಷಿ ಹುಣಸೆಹುಳಿಯಲ್ಲಿ ಕುದಿಯುತ್ತಿತ್ತು, ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿಯಿತ್ತು.