ಬಲಗಡೆಯ ಗೆರೆ

ಮೊನ್ನೆ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿಗೆ ಬೋರ್ಡು ಬರೆಯಲು ಕೂತಿದ್ದೆ. ಈಗೆಲ್ಲ ಫ್ಲೆಕ್ಸು, ಕೈಯಲ್ಲಿ ಬರೆಸೋರು ಅಪರೂಪ. ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ ಟರ್ಪೆಂಟೈನ್ ಸುರಿದೆ. ಆ ವಾಸನೆಗೆ ಹರಿಹರದ ಉಪದೇಶಿಗಳು ನೆನಪಾದರು... ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ದಾವಣಗೆರೆಯಲ್ಲಿ ನನ್ನಷ್ಟು ನೆಟ್ಟಗೆ ಗೆರೆ ಎಳೆಯುವವನು ಇರಲಿಲ್ಲ. ಅದಕ್ಕೇ ನನ್ನನ್ನು ಹರಿಹರಕ್ಕೆ ಕರೆಸಿ, ಪಾಠದ ಕೋಣೆಯ ಗೋಡೆ ಮೇಲೆ ಲೋಕದ ಆರು ಕಾಲ ಬರೆಸಿದರು. ಆದಾಮನಿಂದ ನೋಹ, ನೋಹನಿಂದ ಅಬ್ರಹಾಮ... ಹೀಗೆ ಒಂದೊಂದು ಕಾಲಕ್ಕೆ ಗೆರೆ ಎಳೆದ ಒಂದು ಚೌಕದ ಮನೆ. ಆರನೆಯದು ಕ್ರಿಸ್ತನಿಂದ ಲೋಕದ ಕೊನೆಯವರೆಗೆ, ಅಂದರೆ ನಾವಿರೋದು.

ಪಕ್ಕದಲ್ಲೇ ಕೂತು ಹೇಳುತ್ತಿದ್ದರು. ದೇವರು ಆರು ದಿನದಲ್ಲಿ ಲೋಕ ಮಾಡಿದ, ದಿನಕ್ಕೊಂದು ಸಾವಿರ ವರ್ಷ ಅಂತ ಹಿಂದಿನ ಕ್ರೈಸ್ತರು ಬೆರಳು ಮಡಚಿ ಎಣಿಸಿ, ಲೋಕ ಇನ್ನೇನು ಮುಗೀತು ಅಂತ ಕಾದರಂತೆ. ಮುಗೀಲಿಲ್ಲ. ಆಮೇಲೆ ಅವರಲ್ಲೇ ಒಬ್ಬ ಹಿರಿಯರು, ಇದು ಕೊನೆಯ ಕಾಲವೇ, ಆದರೆ ಎಷ್ಟು ಉದ್ದ ಅಂತ ಎಣಿಸೋದು ನಮ್ಮ ಕೆಲಸ ಅಲ್ಲ ಅಂದರಂತೆ. ನಾನು ಹೂಂ ಅನ್ನುತ್ತಾ ಬಣ್ಣ ಕಲಸಿದೆ.

ಅವರು ಊಟಕ್ಕೆ ಹೋದಾಗ ಆರನೆಯ ಮನೆಯ ಬಲಗಡೆ ಗೆರೆ ಎಳೆದು ಮುಚ್ಚಿದೆ. ಬಾರ್ಡರ್ ಅರ್ಧಕ್ಕೆ ಬಿಟ್ಟರೆ ನಮ್ಮ ಕಸುಬಿನವರು ನಗುತ್ತಾರೆ.

ಬಂದು ನೋಡಿದರು. "ಕೊನೆ ಯಾವತ್ತು ಅಂತ ನಿನಗೆ ಗೊತ್ತಾಗೈತೇನಪಾ? ನಮಗೂ ಒಂದು ಮಾತು ಹೇಳ್ಬಾರ್ದಾ?"

ಪಾಠಕ್ಕೆ ಬಂದಿದ್ದ ಮಕ್ಕಳೆಲ್ಲ ನಕ್ಕವು.

"ಗೆರೆ ಸೊಟ್ಟ ಐತೇನ್ರಿ?" ಅಂದೆ.

"ನೆಟ್ಟಗೈತೆ. ಆದ್ರೆ ಅಲ್ಲಿ ಬ್ಯಾಡ. ಅಳಿಸು."

"ನಾನು ಎಳೆದದ್ದು ಅಳಿಸೋನಲ್ರಿ."

ಹಸಿ ಬಣ್ಣ. ಬಟ್ಟೆಯಲ್ಲಿ ಒಂದು ಸಲ ಒರೆಸಿದ್ದರೆ ಆಗುತ್ತಿತ್ತು. ಡಬ್ಬಿ ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಆಮೇಲೆ ಎರಡು ಸಲ ಹೇಳಿಕಳಿಸಿದರು. ಹೋಗಲಿಲ್ಲ.

ಉಪದೇಶಿಗಳು ತೀರಿಕೊಂಡ ಸುದ್ದಿ ಬಂದಾಗ ಮಣ್ಣು ಮಾಡಿ ಆಗಿತ್ತು. ಆಗ ಹೋದೆ. ಗೋಡೆಯಲ್ಲಿ ಆ ಗೆರೆ ಇರಲಿಲ್ಲ. ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು.

"ಬರ್ತಾನೆ, ಅವನ ಕೈಲೇ ಅಳಿಸಿದ್ರೆ ಚಂದ ಅಂತ ಎರಡು ವರ್ಷ ಕಾದ್ರು," ಅಂದರು ಅವರ ಹೆಂಡತಿ. "ಈ ಬ್ಯಾಸಿಗ್ಯಾಗ ಸ್ಟೂಲ್ ಹತ್ತಿ ತಾವೇ ಕೆರೆದ್ರು. ಬಣ್ಣ ಒಣಗಿ ಕಲ್ಲಾಗಿತ್ತು, ಗಾರೆನೂ ಕಿತ್ಬಂತು... ಕೂಡ್ರಿ, ಚಾ ಮಾಡ್ತೀನಿ."

ಕೂರಲಿಲ್ಲ.

ಮೊನ್ನೆ ಬೋರ್ಡಿಗೆ ಮೂರು ಕಡೆ ಬಾರ್ಡರ್ ಎಳೆದು ಕೈ ನಿಂತಿತು. "ಯಾಕ್ರಿ, ಬಣ್ಣ ಖಾಲಿ ಆತಾ?" ಅಂದ ಕಾಂಪೌಂಡರ್. ನಾಲ್ಕನೆಯದನ್ನೂ ಎಳೆದೆ. ನೆಟ್ಟಗೇ ಬಂತು. ಅಳಿಸು ಅನ್ನೋಕೆ ಯಾರೂ ಇಲ್ಲ.